ಸುತ್ತಿಗೆಯಿಲ್ಲದ ಸ್ವರ

ಊರಿನ ಪಿಯಾನೋಗಳನ್ನೆಲ್ಲ ರಿಪೇರಿ ಮಾಡಿ ಶ್ರುತಿ ಕೂಡಿಸುತ್ತಿದ್ದ ನಮ್ಮಪ್ಪನ ಸ್ವಂತ ಪಿಯಾನೋದಲ್ಲಿ ಒಂದು ಕೀ ಸತ್ತುಹೋಗಿತ್ತು. ಯಾವುದೋ ಮೂಲೆಯದಾಗಿದ್ದರೆ ಹೋಗಲಿ ಅನ್ನಬಹುದಿತ್ತು, ಇದು ನಟ್ಟನಡುವಿನ ಬಿಳಿ ಕೀ. ಒತ್ತಿದರೆ ಸ್ವರ ಬರುತ್ತಿರಲಿಲ್ಲ, ಮರಕ್ಕೆ ಮರ ತಾಗಿದ ಹಾಗೆ ‘ಟಕ್’ ಅನ್ನುತ್ತಿತ್ತು. ಮೂವತ್ತನಾಲ್ಕು ವರ್ಷ ಅದು ಹಾಗೇ ಇತ್ತು. ಮನೆಗೆ ಬಂದವರು ಅದನ್ನೊಮ್ಮೆ ಒತ್ತಿ, ಅಪ್ಪನ ಮುಖ ನೋಡಿ, “ಏನು ಟಿಂಗಣ್ಣ, ಊರಿಗೆಲ್ಲ ಹಲ್ಲು ಕಟ್ಟಿ ನಿಮ್ಮ ಬಾಯಲ್ಲೇ ಒಂದು ಹಲ್ಲಿಲ್ವಲ್ಲ” ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮೈ ಬೇಗ ಉರಿಯುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಗೋಡೆಯ ಮೇಲೆ ಮೊಳದುದ್ದ ಅಕ್ಷರದಲ್ಲಿ ಬರೆದಿರುವುದನ್ನೇ ನನ್ನ ಬಾಯಿಂದ ಕೇಳಿಸಿಕೊಳ್ಳದೆ ಜನರಿಗೆ ಸಮಾಧಾನವಿಲ್ಲ. ಮೈಕು ವಾರಕ್ಕೆ ಮೂರು ದಿನ ಕೆಟ್ಟಿರುತ್ತದೆ. ಆಗ ನಾನು ಎದ್ದು ನಿಂತು ಕೂಗುತ್ತೇನೆ, ಏಳನೆಯ ಪ್ಲಾಟ್‌ಫಾರಂನಲ್ಲಿ ನಿದ್ದೆ ಮಾಡುತ್ತಿರುವ ಡ್ರೈವರೂ ಎದ್ದು ಕೂರುತ್ತಾನೆ. “ನಿನ್ನ ಗಂಟಲು ಕೇಳಿ ಆ ಮೈಕೇ ನಾಚಿಕೊಂಡು ಕೆಟ್ಟುಹೋಗುತ್ತೆ” ಎನ್ನುವುದು ನಮ್ಮೆಜಮಾನರ ಹಳೆಯ ತಮಾಷೆ. ಹಗಲೆಲ್ಲ ಸ್ವರದ ಜೊತೆ ಬದುಕುವವನ ಒಬ್ಬಳೇ ಮಗಳಿಗೆ ಇಂಥ ಗಂಟಲು. ನನಗೆ ಯಾರೂ ಸಂಗೀತ ಕಲಿಸಲಿಲ್ಲ, ಕಲಿ ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ.

ಟಿಂಗಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಪಿಯಾನೋ ಶ್ರುತಿ ಮಾಡುವುದನ್ನು ಒಂದು ಸಲ ಪಕ್ಕದ ಮನೆಯಲ್ಲಿ ಕೂತು ಕೇಳಿದವರಿಗೆ ಆ ಹೆಸರು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕೀಯನ್ನು ನೂರು ಸಲ ಟಿಂಗ್ ಟಿಂಗ್ ಎಂದು ಹೊಡೆಯುತ್ತ, ಇನ್ನೊಂದು ಕೈಯಲ್ಲಿ ತಂತಿಯ ಮೊಳೆಯನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಅಪ್ಪನ ಚೀಲದಲ್ಲಿ ಎರಡು ಕವಲಿನ ಒಂದು ಉಕ್ಕಿನ ಫೋರ್ಕ್ ಇತ್ತು. ಅದನ್ನು ಮಂಡಿಗೆ ಬಡಿದು ಕಿವಿಯ ಬಳಿ ಹಿಡಿದರೆ ಒಂದೇ ಒಂದು ಸ್ವರ ಕೊಡುತ್ತಿತ್ತು. ನಡುವಿನ ಒಂದು ಕೀಯನ್ನು ಆ ಸ್ವರಕ್ಕೆ ಕೂಡಿಸಿಕೊಂಡು, ಅದನ್ನು ಹಿಡಿದು ಮಿಕ್ಕ ಎಂಬತ್ತೇಳನ್ನೂ ಸರಿಮಾಡುತ್ತಿದ್ದ. ನಮ್ಮ ಮನೆಯಲ್ಲಿ ಸತ್ತಿದ್ದದ್ದು ಅದೇ ಕೀ. ಅದರ ಹಿಂದೆ ತಂತಿಗೆ ಹೊಡೆಯುವ, ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ಮುರಿದಿತ್ತು. ಬೇರೆಯವರ ಮನೆಯಲ್ಲಾದರೆ ಅಪ್ಪ ಅರ್ಧ ಗಂಟೆಯಲ್ಲಿ ಹೊಸದು ಕೂರಿಸುತ್ತಿದ್ದ.

ಕೆಲಸ ಮುಗಿದ ಮೇಲೆ ಪಿಯಾನೋ ಸರಿಯಾಗಿದೆಯೇ ಎಂದು ಏನಾದರೂ ಬಾರಿಸಿ ನೋಡಬೇಕಲ್ಲ. ಬೇರೆ ಶ್ರುತಿಗಾರರು ಎಲ್ಲರಿಗೂ ಗೊತ್ತಿರುವ ನಾಲ್ಕು ಸಾಲು ಬಾರಿಸಿ ಚೀಲ ಕಟ್ಟುತ್ತಾರೆ. ಅಪ್ಪ ತಾನೇ ಕಟ್ಟಿದ್ದನ್ನು ಬಾರಿಸುತ್ತಿದ್ದ, ಒಂದೊಂದು ಮನೆಗೆ ಒಂದೊಂದು. “ಮೂರು ಗಂಟೆ ಒಂದು ಮನೇಲಿ ಕೂತರೆ ಆ ಮನೆ ಸದ್ದೆಲ್ಲ ಕಿವಿಗೆ ಬೀಳುತ್ತೆ ಕಣೇ. ಬಿದ್ದದ್ದನ್ನ ಅಲ್ಲೇ ಬಿಟ್ಟು ಬರೋಕಾಗಲ್ಲ” ಅನ್ನುತ್ತಿದ್ದ.

ಬೇಕರಿಯಾಕೆಯ ಗಂಡ ಬದುಕಿದ್ದಾಗ ದಿನಾ ಸಂಜೆ ಒಂದೇ ಹಾಡನ್ನು ಬಾರಿಸುತ್ತಿದ್ದನಂತೆ, ದಿನಾ ಒಂದೇ ಜಾಗದಲ್ಲಿ ತಪ್ಪುತ್ತಿದ್ದನಂತೆ. ಅವನು ಹೋಗಿ ವರ್ಷ ತುಂಬಿದ ಮೇಲೆ ಆಕೆ ಪಿಯಾನೋದ ಮುಚ್ಚಳ ತೆಗೆಸಿದಳು. ಅಪ್ಪ ಶ್ರುತಿ ಮಾಡಿ, ಒಂದು ಹೊಸ ರಾಗ ಬಾರಿಸಿ, ಅದರ ಮಧ್ಯದಲ್ಲಿ ಆ ತಪ್ಪನ್ನು ಹಾಗೇ ಇಟ್ಟ. ಆಕೆ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಿವೃತ್ತ ಜಡ್ಜಿಯ ಬಂಗಲೆಯಲ್ಲಿ ಪಿಯಾನೋ ಮುಟ್ಟುವವರೇ ಇರಲಿಲ್ಲ, ದಿನಾ ಧೂಳು ಒರೆಸುವವಳು ಮಾತ್ರ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದಳು. ಆ ಮನೆಯ ರಾಗ ಹಾಗೆ ಒರೆಸಿದ ಹಾಗೇ ಶುರುವಾಗುತ್ತದೆ, ಕಟ್ಟಿದ್ದು ಜಡ್ಜಿಗಲ್ಲ, ಅವಳಿಗೆ. ಪಿಯಾನೋ ಇಲ್ಲದವರನ್ನೂ ಅಪ್ಪ ಬಿಟ್ಟಿರಲಿಲ್ಲ. ಅವನ ಅಕ್ಕನಿಗೆ, ಅಂದರೆ ನನ್ನ ದೊಡ್ಡತ್ತೆಗೆ ಒಂದು ಕಟ್ಟಿದ್ದ. ಮೂರೇ ಸ್ವರ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ, ಅವಳ ದೂರುಗಳ ಹಾಗೆ. ದೊಡ್ಡತ್ತೆ ಅದನ್ನು ಕೇಳಿ, “ಎಷ್ಟು ಶಾಂತವಾಗಿದೆಯೋ, ನನ್ನ ಮನಸ್ಸನ್ನ ನೀನೊಬ್ಬನೇ ತಿಳ್ಕೊಂಡಿರೋದು” ಅಂದಳು. ಅಪ್ಪ ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಇವೆಲ್ಲ ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿದ್ದವು. ಒಂದೊಂದು ಪುಟದ ತಲೆಯ ಮೇಲೆ ‘ಬೇಕರಿಯಾಕೆ’, ‘ಧೂಳು ಒರೆಸುವವಳು’, ‘ಹಲ್ಲಿನ ಡಾಕ್ಟರು’, ‘ಅಕ್ಕ’ ಎಂದು ಬರೆದಿತ್ತು. ಇಪ್ಪತ್ತೆರಡು. ಹದಿನಾರನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ನಾನು ಆ ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ, ಮತ್ತೆ ಕೊನೆಯಿಂದ ಮೊದಲವರೆಗೆ ಹುಡುಕಿದೆ. ‘ಮಗಳು’ ಅಂತ ಒಂದು ಪುಟವೂ ಇರಲಿಲ್ಲ. ಅದನ್ನು ಯಾರ ಹತ್ತಿರವೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡದ್ದು ಒಳಗೇ ಕೂತು, ಬೇರೆ ಬೇರೆ ನೆಪದಲ್ಲಿ ಸಿಟ್ಟಾಗಿ ಹೊರಗೆ ಬರುತ್ತಿತ್ತು.

ಅದಕ್ಕೂ ಹಳೆಯ ಸಿಟ್ಟು ಇನ್ನೊಂದಿತ್ತು. ನನಗೆ ಹನ್ನೊಂದು ವರ್ಷವಾಗಿದ್ದಾಗ ಅಮ್ಮನಿಗೆ ಶ್ವಾಸಕೋಶದ ಕಾಯಿಲೆ ಬಂತು. ಮಹಡಿಯಲ್ಲಿ ಪಿಯಾನೋ ಇದ್ದ ಕೋಣೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಅವಳನ್ನು ಮಲಗಿಸಿದರು. ನನ್ನನ್ನು ದೊಡ್ಡತ್ತೆಯ ಮನೆಗೆ ಕಳಿಸಿದರು. ಎಂಟು ತಿಂಗಳು ಅಲ್ಲಿದ್ದೆ. ವಾಪಸ್ ಬಂದಾಗ ಆ ಚಿಕ್ಕ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಹಾಸಿಗೆ ಇರಲಿಲ್ಲ. ಅಮ್ಮನ ಕೊನೆಯ ಎಂಟು ತಿಂಗಳು ಅಪ್ಪನಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಇದನ್ನು ನಾನು ಅಪ್ಪನಿಗೆ ಕ್ಷಮಿಸಿರಲಿಲ್ಲ.

ಮದುವೆಯಾದ ಮೇಲೂ ನಾನು ಅದೇ ಮನೆಯಲ್ಲಿ ಉಳಿದೆ. ಕೆಳಗೆ ನಾವು, ಮಹಡಿಯ ಮೇಲೆ ಅಪ್ಪ, ನಡುವೆ ಹದಿನಾಲ್ಕು ಮರದ ಮೆಟ್ಟಿಲು. ಸಂಜೆ ಏಳೂಕಾಲಕ್ಕೆ ಅಪ್ಪ ಪಿಯಾನೋದ ಮುಂದೆ ಕೂರುತ್ತಿದ್ದ. ಮನೆಯ ಪಿಯಾನೋದಲ್ಲಿ ಅವನು ಬಾರಿಸುತ್ತಿದ್ದದ್ದು ಒಂದೇ ರಾಗ. ನಿಧಾನದ್ದು, ಬಹಳ ಜಾಗ ಬಿಟ್ಟುಬಿಟ್ಟು ನಡೆಯುವಂಥದ್ದು. ಅದು ಅಮ್ಮನದು ಎಂದಷ್ಟೇ ನನಗೆ ಗೊತ್ತಿತ್ತು. ಕೊನೆಗೆ ಬಂದು ಆ ಸತ್ತ ಕೀಯ ಮೇಲೆ ನಿಲ್ಲುತ್ತಿತ್ತು. ಟಕ್. ಆಮೇಲೆ ಏನೂ ಇಲ್ಲ.

ಅಷ್ಟು ಹೊತ್ತಿಗೆ ಅಡುಗೆ ಆಗಿರುತ್ತಿತ್ತು. ನಾನು ಮೆಟ್ಟಿಲ ಬುಡದಲ್ಲಿ ನಿಂತು, “ಅಪ್ಪಾ... ಊಟಕ್ಕೆ ಬಾ” ಎಂದು ಕೂಗುತ್ತಿದ್ದೆ. ಮೇಲಿನಿಂದ “ಬಂದೆ” ಅನ್ನುತ್ತಿದ್ದ, ಸ್ಟೂಲು ಸರಿಯುತ್ತಿತ್ತು, ಇಳಿದು ಬರುತ್ತಿದ್ದ. ಕರೆಯದೆ ಒಂದು ದಿನವೂ ಬಂದವನಲ್ಲ. ನಾನು ತಡಮಾಡಿದರೆ ಎಂಟಾಗಲಿ, ಎಂಟೂವರೆಯಾಗಲಿ, ಅಲ್ಲೇ ಕೂತಿರುತ್ತಿದ್ದ. “ಹೊಟ್ಟೆ ಹಸಿದ ಮನುಷ್ಯನಿಗೆ ಆಮಂತ್ರಣ ಪತ್ರಿಕೆ ಬೇಕಾ? ಹದಿನಾಲ್ಕು ಮೆಟ್ಟಿಲು ತಾನೇ ಇಳಿದು ಬಂದರೆ ಕಾಲು ಸವೆದುಹೋಗುತ್ತಾ?” ಎಂದು ನಾನು ಎಷ್ಟು ವರ್ಷ ಗೊಣಗಿದ್ದೇನೋ ಲೆಕ್ಕವಿಲ್ಲ. ಅಪ್ಪ, “ನೀನು ಕರೀತೀಯಲ್ಲ” ಎಂದು ತಟ್ಟೆ ಎಳೆದುಕೊಳ್ಳುತ್ತಿದ್ದ.

ಎಪ್ಪತ್ನಾಲ್ಕನೆಯ ವರ್ಷದಲ್ಲಿ ಅವನ ಬಲಗೈ ನಡುಗಲು ಶುರುವಾಯಿತು. ಮೊದಲು ಲೋಟ ಹಿಡಿಯುವಾಗ, ಆಮೇಲೆ ಸುಮ್ಮನೆ ಮಂಡಿಯ ಮೇಲಿಟ್ಟಾಗಲೂ. ಡಾಕ್ಟರು ಔಷಧಿ ಕೊಟ್ಟರು, ವಾರಕ್ಕೆರಡು ದಿನ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಿದರು, ಇನ್ನೊಂದು ವರ್ಷಕ್ಕೆ ಬೆರಳು ಮಾತು ಕೇಳುವುದಿಲ್ಲ ಎಂದೂ ಹೇಳಿದರು. ಶಾಲೆಯ ಸಂಗೀತ ಟೀಚರ್‌ಗೆ ವಿಷಯ ಗೊತ್ತಾಯಿತು. ಚಿಕ್ಕ ವಯಸ್ಸಿನ, ಮೆಲುದನಿಯ ಹೆಣ್ಣುಮಗಳು. ಅವಳ ಶಾಲೆಯ ಪಿಯಾನೋವನ್ನು ಅಪ್ಪ ಮೊದಲಿಂದ ನೋಡಿಕೊಂಡಿದ್ದ. ಅವಳೇ ಮನೆಗೆ ಬಂದು, “ಸರ್, ನೀವು ಕಟ್ಟಿರೋದೆಲ್ಲ ರೆಕಾರ್ಡ್ ಮಾಡಿಬಿಡೋಣ. ನೋಟ್‌ಬುಕ್ ನೋಡಿ ಬೇರೆಯವರು ಬಾರಿಸಬಹುದು, ಆದ್ರೆ ಅದು ನಿಮ್ಮದಾಗಲ್ಲ” ಅಂದಳು. ಅಪ್ಪ ಒಪ್ಪಿದ. ಶಾಲೆಯ ಹಾಲಿನಲ್ಲಿ ನಾಲ್ಕು ಭಾನುವಾರ ಕೂತು ಇಪ್ಪತ್ತೆರಡನ್ನೂ ಮುಗಿಸಿದರು. ಕೈ ನಡುಗಿದ ಕಡೆ ನಿಲ್ಲಿಸಿ, ಬಿಸಿನೀರಿನ ಚೀಲ ಹಿಡಿದುಕೊಂಡು, ಮತ್ತೆ ಬಾರಿಸಿದ.

ಉಳಿದದ್ದು ಅಮ್ಮನ ರಾಗ. “ಅದು ಮನೇಲೇ ಆಗಬೇಕು ಟೀಚರೇ. ಸಂಜೆ ಏಳೂಕಾಲಕ್ಕೆ ಬನ್ನಿ, ಊಟಕ್ಕೆ ಮುಂಚೆ” ಎಂದ ಅಪ್ಪ. ಚೀಲದಿಂದ ಫೋರ್ಕಿನ ಚರ್ಮದ ಚೀಲ ತೆಗೆದು, ಅದರೊಳಗೆ ಮಡಿಸಿಟ್ಟಿದ್ದ ಒಂದು ಹಾಳೆಯನ್ನು ಅವಳ ಕೈಗೆ ಕೊಟ್ಟ. ಆ ಹಾಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ನನ್ನ ತಲೆಯಲ್ಲಿ ಒಂದೇ ಯೋಚನೆ. ನಾಳೆ ಯಾರೋ ಕೇಳುವ ರೆಕಾರ್ಡಿನಲ್ಲಿ, ಜನ್ಮವಿಡೀ ಪಿಯಾನೋ ಸರಿಮಾಡಿದವನ ಪಿಯಾನೋ ಕೊನೆಯ ಸ್ವರಕ್ಕೆ ‘ಟಕ್’ ಅನ್ನಬೇಕೇ? ಅಮ್ಮನ ರಾಗ ಹಲ್ಲುದುರಿದ ಬಾಯಲ್ಲಿ ಮುಗಿಯಬೇಕೇ? ರೆಕಾರ್ಡ್ ಮಾಡುವ ದಿನ ಬೆಳಗ್ಗೆ ಅಪ್ಪ ನಮ್ಮೆಜಮಾನರ ಜೊತೆ ಆಸ್ಪತ್ರೆಗೆ ಹೊರಟದ್ದೇ, ನಾನು ಅಪ್ಪನ ಶಿಷ್ಯನನ್ನು ಕರೆಸಿದೆ. ಅವನೀಗ ನಲವತ್ತು ದಾಟಿದ ಶ್ರುತಿಗಾರ, ಎಲ್ಲರೂ ಕನ್ನಡಕ ಅಂತ ಕರೆಯುತ್ತಾರೆ.

“ಅಕ್ಕಾ, ಗುರುಗಳು ಬೈತಾರೆ. ನಾನು ಎಷ್ಟು ಸಲ ಕೇಳಿದ್ದೀನಿ, ಅದನ್ನ ಮುಟ್ಟಬೇಡ ಅಂತಾರೆ” ಎಂದ ಕನ್ನಡಕ.

“ಸೋಮಾರಿತನಕ್ಕೆ ಹಾಗಂತಾರೆ. ಬೈದರೆ ನಾನಿದ್ದೀನಿ, ನೀನು ಹಾಕು.”

ಅವನಿಗೂ ಅಷ್ಟು ವರ್ಷದಿಂದ ಕೈ ತುರಿಸುತ್ತಿತ್ತೇನೋ. ಮುಂದಿನ ಹಲಗೆ ತೆಗೆದು, ಹೊಸ ಸುತ್ತಿಗೆ ಕೂರಿಸಿ, ಮೂರು ತಂತಿಯನ್ನೂ ಫೋರ್ಕಿಗೆ ಕೂಡಿಸಿ, ಒಂದು ಗಂಟೆಯಲ್ಲಿ ಎದ್ದ. ನಾನೇ ಒತ್ತಿ ನೋಡಿದೆ. ಗುಂಡಗೆ, ತುಂಬಿ ಬಂತು ಸ್ವರ. ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮನಿಗೆ ನಾನು ಏನಾದರೂ ಮಾಡಿದ್ದು ಅದೇ ಮೊದಲು ಅನ್ನಿಸಿತು.

ಸಂಜೆ ಟೀಚರ್ ಬಂದಳು. ರೆಕಾರ್ಡರ್ ಹಿಡಿದು ಮೇಲೆ ಹೋಗುವ ಮುಂಚೆ ಅಡುಗೆಮನೆಗೆ ಬಂದು, “ಅಕ್ಕ, ಒಂದು ಹತ್ತು ನಿಮಿಷ ಸದ್ದು ಮಾಡಬೇಡಿ, ಪ್ಲೀಸ್” ಅಂದಳು. ನನ್ನ ಗಂಟಲಿನ ಖ್ಯಾತಿ ಅಲ್ಲಿಯವರೆಗೂ ಹೋಗಿತ್ತು. ನಾನು ಕುಕ್ಕರ್ ಆರಿಸಿದೆ, ಫ್ಯಾನ್ ಆರಿಸಿದೆ, ನಮ್ಮೆಜಮಾನರಿಗೆ ಕೆಮ್ಮಬೇಡಿ ಎಂದು ಕಣ್ಣು ಬಿಟ್ಟೆ. ಮೇಲೆ ರಾಗ ಶುರುವಾಯಿತು. ಎಂದಿಗಿಂತ ನಿಧಾನವಾಗಿತ್ತು, ಕೈ ಎಲ್ಲೂ ತಪ್ಪಲಿಲ್ಲ. ಕೊನೆಯ ಸಾಲು ಬಂತು. ಕೊನೆಯ ಸ್ವರ ಬಂತು. ಮನೆಯೆಲ್ಲ ತುಂಬುವ ಹಾಗೆ ಒಮ್ಮೆ ಮೊಳಗಿ, ನಿಧಾನವಾಗಿ ಕರಗಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಆಮೇಲೆ ಪಿಯಾನೋದ ಮುಚ್ಚಳ ಹಾಕಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ಅಪ್ಪ ಕೆಳಗೆ ಬಂದು ಊಟದ ಮೇಜಿನ ಮುಂದೆ ಕೂತ. ನಾನು ಕರೆದಿರಲಿಲ್ಲ.

“ಸುತ್ತಿಗೆ ಹಾಕಿಸಿದ್ದೀಯ” ಎಂದ.

“ಹೂಂ ಅಪ್ಪ. ಹೇಳದೆ ಹಾಕಿಸಿದೆ. ಹೆಂಗಿದೆ?”

“ಕೆಲಸ ಚೆನ್ನಾಗಿ ಮಾಡಿದ್ದಾನೆ.”

ಅಷ್ಟೇ. ಟೀಚರ್ ಊಟ ಮಾಡುತ್ತ ಹೊಗಳುತ್ತಲೇ ಇದ್ದಳು. ಅಪ್ಪ ತಲೆ ಆಡಿಸುತ್ತಿದ್ದ, ಅನ್ನ ಕಲಸಿದ್ದನ್ನು ಕಲಸುತ್ತಲೇ ಇದ್ದ.

ಮರುದಿನ ಏಳೂಕಾಲಕ್ಕೆ ಮೇಲಿನಿಂದ ಸದ್ದಿಲ್ಲ. ಏಳೂವರೆಗೆ ಅಪ್ಪ ತಾನಾಗಿ ಇಳಿದು ಬಂದು ಊಟಕ್ಕೆ ಕೂತ. ಅದರ ಮರುದಿನವೂ ಹಾಗೇ. ಮೂವತ್ತನಾಲ್ಕು ವರ್ಷ ನಾನು ಏನು ಬೇಕು ಅಂತ ಗೊಣಗಿದ್ದೆನೋ ಅದು ಕೊನೆಗೂ ಸಿಕ್ಕಿತ್ತು. ನನಗೆ ತುತ್ತು ಇಳಿಯಲಿಲ್ಲ. ಕೈ ನೋಯುತ್ತಾ ಅಂತ ಕೇಳಿದೆ, ಇಲ್ಲ ಅಂದ. ಸಿಟ್ಟಾ ಅಂತ ಕೇಳಿದೆ, ಇಲ್ಲ ಕಣೇ ಅಂದ. ನಮ್ಮೆಜಮಾನರು, “ವಯಸ್ಸಾಯ್ತಲ್ಲ, ಬಿಡು” ಅಂದರು. ಅವರ ಮೇಲೆ ರೇಗಿದೆ.

ಐದನೆಯ ದಿನ ಮಧ್ಯಾಹ್ನ ಟೀಚರ್ ನನ್ನ ವಿಚಾರಣೆ ಕಿಟಕಿಯ ಮುಂದೆಯೇ ಸರತಿಯಲ್ಲಿ ನಿಂತಿದ್ದಳು. ಅವಳ ಸರತಿ ಬಂದಾಗ ಗಾಜಿನ ಕೆಳಗಿನ ಸಂದಿಯಿಂದ ಆ ಹಾಳೆಯನ್ನು ತೂರಿಸಿದಳು.

“ಅಕ್ಕ, ಇದನ್ನ ನೀಟಾಗಿ ಬರೀತಾ ಇದ್ದೆ. ಒಂದು ವಿಷಯ ಅರ್ಥ ಆಗ್ಲಿಲ್ಲ. ಕೊನೇ ಸ್ವರ ಪಿಯಾನೋದ್ದಲ್ಲ ಅನ್ನೋ ಹಾಗೆ ಸರ್ ಬರೆದಿದ್ದಾರೆ.”

ನನಗೆ ಸ್ವರಲಿಪಿ ಓದಲು ಬರುವುದಿಲ್ಲ. ಅಕ್ಷರ ಓದಲು ಬರುತ್ತದಲ್ಲ. ಹಾಳೆಯ ತಲೆಯ ಮೇಲೆ ಕಪ್ಪು ಶಾಯಿಯಲ್ಲಿ ‘ಹೆಂಡತಿ’ ಎಂದಿತ್ತು. ಗೆರೆಗಳ ಮೇಲೆ ಏಳು ಕಡೆ ಒಂದೊಂದು ಪುಟ್ಟ ಸೊನ್ನೆ, ಪ್ರತಿಯೊಂದರ ಕೆಳಗೂ ‘ಒಳಗಿನಿಂದ’ ಎಂದು ಬರೆದಿತ್ತು. ಅದರಲ್ಲಿ ಎರಡನ್ನು ಹೊಡೆದುಹಾಕಿತ್ತು. ಆಮೇಲೆ ಬೇರೆ ಪೆನ್ಸಿಲ್ಲಿನಲ್ಲಿ ಇನ್ನೆರಡನ್ನು. ಆಮೇಲೆ ಮತ್ತೆರಡನ್ನು. ಕೊನೆಯದೊಂದು ಉಳಿದಿತ್ತು. ಅದರ ಕೆಳಗಿನ ‘ಒಳಗಿನಿಂದ’ ಎಂಬುದನ್ನೂ ಹೊಡೆದು, ನೀಲಿ ಶಾಯಿಯಲ್ಲಿ ‘ಕೆಳಗಿನಿಂದ’ ಎಂದು ಬರೆದು ಒಂದು ತಾರೀಖು ಹಾಕಿತ್ತು. ನಾನು ದೊಡ್ಡತ್ತೆಯ ಮನೆಯಿಂದ ವಾಪಸ್ ಬಂದ ದಿನ. ಆ ತಾರೀಖು ನನಗೆ ಮರೆಯುವಂಥದ್ದಲ್ಲ. ಮೇಲೆ, ‘ಹೆಂಡತಿ’ ಎಂಬುದರ ಪಕ್ಕದಲ್ಲಿ, ಅದೇ ನೀಲಿ ಶಾಯಿಯಲ್ಲಿ ‘ಮಗಳು’ ಎಂದಿತ್ತು.

ಹಿಂದೆ ನಿಂತವರು, “ಏನಮ್ಮಾ, ಬಸ್ಸು ಎಷ್ಟೊತ್ತಿಗೆ?” ಎಂದು ಗಾಜು ಬಡಿಯುತ್ತಿದ್ದರು. ನಾನು ಕಿಟಕಿ ಮುಚ್ಚಿ ಮನೆಗೆ ಹೋದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಹಾಗೆ ಎದ್ದು ಹೋದದ್ದು ಅದೊಂದೇ ಸಲ.

ಅಪ್ಪ ಕಿಟಕಿಯ ಬಳಿ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಹಾಳೆಯನ್ನು ಅವನ ಮಂಡಿಯ ಮೇಲಿಟ್ಟೆ. “ಇದೇನಪ್ಪ?” ಎಂದೆ. ಅವನು ಹಾಳೆಯ ಮಡಿಕೆಗಳನ್ನು ಸರಿಪಡಿಸುತ್ತ ಹೇಳಿದ.

“ನಿಮ್ಮಮ್ಮ ಮಲಗಿದ್ದಾಗ ಆ ಸುತ್ತಿಗೆ ಮುರೀತು. ಹಾಕೋಣ ಅಂತ ಅಂಟು ಕಾಯೋಕಿಟ್ಟಿದ್ದೆ. ಅಷ್ಟರಲ್ಲಿ ಒಳಗಿಂದ ಆ ಸ್ವರ ಅವಳೇ ಹಾಡಿದ್ಲು. ‘ರೀ, ಅದನ್ನ ನನ್ನ ಪಾಲಿಗೆ ಬಿಡಿ, ಮಲಗಿ ಮಲಗಿ ಬೇಜಾರಾಗಿದೆ, ನನಗೂ ಒಂದು ಕೆಲಸ ಬೇಡ್ವಾ’ ಅಂದ್ಲು. ನಾನು ಒಲೆ ಆರಿಸಿದೆ. ಆ ಸ್ವರ ಏಳು ಸಲ ಬರೋ ಹಾಗೆ ಇದನ್ನ ಕಟ್ಟಿದೆ. ದಿನಾ ಸಂಜೆ ನಾನು ಬಾರಿಸೋದು, ಆ ಏಳನ್ನ ಅವಳು ಹಾಡೋದು. ಒಂದೂ ತಪ್ಪಿಸ್ತಿರಲಿಲ್ಲ. ಆಮೇಲೆ ಉಸಿರು ಸಾಲದೆ ಹೋಯ್ತು. ಐದಕ್ಕೆ ಇಳಿಸಿದೆ. ಮೂರು ಮಾಡಿದೆ. ನಡುವೆ ಅವಳು ಉಸಿರು ತಗೊಳ್ಳೋಕೆ ಜಾಗ ಬಿಟ್ಟೆ. ಕೊನೆಗೆ ಒಂದೇ ಉಳೀತು. ಕೊನೇ ವಾರ ಅದೂ ಆಗ್ತಿರಲಿಲ್ಲ, ತುಟಿ ಅಲ್ಲಾಡೋದು. ನಾನು ಕೇಳಿಸ್ತು ಅಂತಿದ್ದೆ.”

ನಾನು ನೆಲದ ಮೇಲೆ ಕೂತೆ. “ನನ್ನ ಯಾಕೆ ಕಳಿಸಿದೆ?” ಮೂವತ್ತನಾಲ್ಕು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಎಷ್ಟು ಚಿಕ್ಕದಾಗಿ ಬಂತು ಅಂದರೆ ನನಗೇ ನನ್ನ ದನಿ ಗುರುತು ಸಿಗಲಿಲ್ಲ.

“ಅವಳೇ ಹೇಳಿದ್ದು. ಅಮ್ಮನ ಉಸಿರು ಎಣಿಸೋದನ್ನ ಮಗು ಕಲೀಬಾರದು ಅಂದ್ಲು. ನನಗೆ ಇಷ್ಟ ಇರಲಿಲ್ಲ. ಅವಳ ಮಾತು ಮೀರಲಿಲ್ಲ. ತಪ್ಪೋ ಸರಿಯೋ ಇವತ್ತಿಗೂ ಗೊತ್ತಿಲ್ಲ.”

“ಕೆಳಗಿನಿಂದ ಅಂದ್ರೆ?”

“ನೀನು ಬಂದ ದಿನ ಸಂಜೆ, ಕೊನೇ ಸಲ ಬಾರಿಸಿ ಮುಚ್ಚಿಬಿಡೋಣ ಅಂತ ಕೂತಿದ್ದೆ. ಪಿಯಾನೋ ಮಾರಿಬಿಡೋದು ಅಂತಾನೂ ಮಾತಾಗಿತ್ತು. ಬಾರಿಸಿದೆ. ಕೊನೇಲಿ ಟಕ್ ಅಂತು. ಆ ಕೋಣೆ ಕಡೆ ನೋಡ್ತಾ ಕೂತಿದ್ದೆ. ಅಷ್ಟರಲ್ಲಿ ಮೆಟ್ಟಿಲ ಕೆಳಗಿಂದ ನೀನು ‘ಅಪ್ಪಾ’ ಅಂದೆ.”

ನನಗೆ ಆ ಸಂಜೆ ನೆನಪಾಯಿತು. ಅಪ್ಪನನ್ನು ಊಟಕ್ಕೆ ಕರಿ ಎಂದು ದೊಡ್ಡತ್ತೆ ಕಳಿಸಿದ್ದಳು. ಅಮ್ಮ ಹೋದ ಮಹಡಿಗೆ ಹತ್ತಲು ಹೆದರಿಕೆಯಾಗಿ, ಮೊದಲ ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದ್ದೆ.

“ಅದೇ ಸ್ವರ ಕಣೇ. ಫೋರ್ಕ್ ತಗೊಂಡು ಮಂಡಿಗೆ ಬಡಿದು ನೋಡಿದೆ. ಆವಾಗ ನೀನು ಒಂದು ಕೂದಲು ಮೇಲಿದ್ದೆ, ದೊಡ್ಡವಳಾಗ್ತಾ ಸರಿಹೋಯ್ತು. ಆಮೇಲೆ ದಿನಾ ನೀನೇ ಮುಗಿಸಿದ್ದೀಯ.”

“ಒಂದು ಮಾತು ಹೇಳಬಾರದಿತ್ತಾ ಅಪ್ಪ?” ಈಗ ನನ್ನ ದನಿ ವಾಪಸ್ ಬಂದಿತ್ತು. “ನನಗೊಂದು ರಾಗ ಇಲ್ಲ ಅಂತ ನಾನು ಎಷ್ಟು...”

“ಹೇಳಿದ್ರೆ ನೀನು ಹಾಡೋಕೆ ಶುರು ಮಾಡ್ತಿದ್ದೆ. ನನಗೆ ಬೇಕಾಗಿದ್ದು ನೀನು ಕರೆಯೋದು” ಎಂದ ಅಪ್ಪ.

ನಾನು ಜೋರಾಗಿ ಅತ್ತೆ. ಬೀದಿಗೂ ಕೇಳಿಸಿರಬೇಕು. ಅಪ್ಪ ನಡುಗುವ ಕೈಯನ್ನು ನನ್ನ ತಲೆಯ ಮೇಲಿಟ್ಟ. ನಡುಕವೆಲ್ಲ ನನ್ನ ತಲೆಗೆ ಗೊತ್ತಾಗುತ್ತಿತ್ತು.

ಕನ್ನಡಕನನ್ನು ಕರೆಸಿ ತೆಗೆಸುತ್ತೇನೆ ಎಂದದ್ದಕ್ಕೆ ಅಪ್ಪ ಬೇಡ ಎಂದ. “ಹಾಕಿಸಿದವಳು ನೀನು, ನೀನೇ ತೆಗಿ.” ನಾನು ಹಲಗೆ ಬಿಚ್ಚಿದೆ, ಅಪ್ಪ ಟಾರ್ಚ್ ಹಿಡಿದ. ಬೆಳಕು ಅವನ ಕೈಯ ಜೊತೆ ನಡುಗುತ್ತ ತಂತಿಗಳ ಮೇಲೆಲ್ಲ ಓಡಾಡಿತು. ಎಂಬತ್ತೆಂಟು ಸುತ್ತಿಗೆಗಳು ಸಾಲಾಗಿ ನಿಂತಿದ್ದವು. “ಅದಲ್ಲ, ಪಕ್ಕದ್ದು” ಎಂದ. “ಅದೂ ಅಲ್ಲ. ಬಸ್ಸಿನ ನಂಬರ್ ಆದ್ರೆ ಸರಿಯಾಗಿ ಹೇಳ್ತೀಯಲ್ಲ” ಎಂದು ನಕ್ಕ. ಐದು ದಿನದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಒಂದೇ ತಿರುಪು. ಬಿಚ್ಚಿದೆ. ಉಣ್ಣೆಯ ಪುಟ್ಟ ತಲೆಯ ಸುತ್ತಿಗೆ ನನ್ನ ಅಂಗೈಗೆ ಬಂತು. ಕೀ ಒತ್ತಿದೆ. ಟಕ್.

ಆ ಭಾನುವಾರ ಸಂಜೆ ಟೀಚರ್ ಮತ್ತೆ ಬಂದಳು. ಈ ಸಲ ಅವಳು ಸದ್ದು ಮಾಡಬೇಡಿ ಅನ್ನಲಿಲ್ಲ. ಅಪ್ಪ ಮೇಲೆ ಹೋಗುವಾಗ, “ದಿನಾ ಕರೆಯೋ ಹಾಗೆ ಕರಿ. ಹಾಡಬೇಡ” ಎಂದಷ್ಟೇ ಹೇಳಿದ. ಕೈ ಅವತ್ತು ಬಹಳ ನಡುಗುತ್ತಿತ್ತು.

ರಾಗ ಶುರುವಾಯಿತು. ನಾನು ಮೆಟ್ಟಿಲ ಬುಡದಲ್ಲಿ ನಿಂತೆ. ಹೊಡೆದುಹಾಕಿದ ಆರು ಸೊನ್ನೆಗಳ ಜಾಗ ಎಲ್ಲಿ ಬರುತ್ತದೆ ಎಂದು ಈಗ ಕೇಳಿಸುತ್ತಿತ್ತು. ಅಲ್ಲಲ್ಲಿ ಅಪ್ಪ ನಿಲ್ಲುತ್ತಿದ್ದ, ಒಬ್ಬರು ಉಸಿರು ತೆಗೆದುಕೊಳ್ಳುವಷ್ಟು. ನಾನು ಅದನ್ನು ನಿಧಾನದ ರಾಗ ಅಂದುಕೊಂಡಿದ್ದೆ. ಕೊನೆಯ ಸಾಲು ಬಂತು. ಟಕ್.

ಕರೆಯಬೇಕು. ಬಾಯಿ ತೆರೆದೆ. ಮೈಕಿಲ್ಲದೆ ಏಳನೆಯ ಪ್ಲಾಟ್‌ಫಾರಂಗೆ ಕೂಗುವವಳಿಗೆ ‘ಅಪ್ಪ’ ಎಂಬ ಎರಡಕ್ಷರ ಹೊರಡಲಿಲ್ಲ. ನನಗಿಂತ ಮುಂಚೆ ಅದನ್ನು ಹಾಡುತ್ತಿದ್ದವಳ ಉಸಿರು ಸಾಲದೆ ಹೋದದ್ದು ಹೀಗೇ ಇರಬೇಕು ಅನ್ನಿಸಿತು.

ಅಪ್ಪ ಕಾದ. ಆಮೇಲೆ ಕೊನೆಯ ಸಾಲನ್ನು ಮತ್ತೆ ಬಾರಿಸಿದ. ಟಕ್. ನನ್ನಿಂದ ಆಗಲಿಲ್ಲ. ಮೂರನೆಯ ಸಲ ಬಾರಿಸಿದ. ಈ ಸಲ ಬೆರಳು ಜಾರಿತು, ಒಂದು ತಪ್ಪು ಸ್ವರ ಬಿತ್ತು, ಅದನ್ನು ಬಿಟ್ಟು ಮತ್ತೆ ಮೊದಲಿಂದ ಹಿಡಿದ. ಕೈ ದಣಿದಿತ್ತು, ಕೇಳಿದರೇ ಗೊತ್ತಾಗುತ್ತಿತ್ತು. ನಾನು ಕರೆಯುವವರೆಗೆ ಈ ಮನುಷ್ಯ ನಿಲ್ಲಿಸುವುದಿಲ್ಲ, ಕೈ ಬಿದ್ದುಹೋದರೂ ಸರಿಯೇ. ಆ ಹಟ ಕೇಳಿ ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ಟಕ್ ಅಂದದ್ದೇ ಕೂಗಿದೆ.

“ಅಪ್ಪಾ... ಊಟಕ್ಕೆ ಬಾ! ಎಷ್ಟು ಸಲ ಕರೀಬೇಕು ನಿನ್ನ!”

ಅಲ್ಲಿಯವರೆಗೆ ಒಂದು ಸಲವೂ ಕರೆದಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಟೀಚರ್ ಹಿಂಜರಿಯುತ್ತ, ಕೊನೆಯ ಆ ಮಾತನ್ನು ಮತ್ತು ನಡುವೆ ಮತ್ತೆ ಮತ್ತೆ ಬಾರಿಸಿದ್ದನ್ನು ಕತ್ತರಿಸಲೇ ಎಂದು ಕೇಳಿದಳಂತೆ. “ಏನೂ ಕತ್ತರಿಸಬೇಡಿ, ಅದು ಹಾಗೇ ಇರೋದು” ಅಂದನಂತೆ ಅಪ್ಪ.

ಅದಾದ ಮೇಲೆ ಅವನು ಏಳು ತಿಂಗಳು ಬಾರಿಸಿದ. ಆಮೇಲೆ ಬೆರಳು ಮಾತು ಕೇಳಲಿಲ್ಲ. ಆಗಲೂ ಏಳೂಕಾಲಕ್ಕೆ ಪಿಯಾನೋದ ಮುಂದೆ ಕೂತಿರುತ್ತಿದ್ದ, ಒಂದು ಬೆರಳಲ್ಲಿ ಆ ಕೀಯನ್ನಷ್ಟೇ ಒತ್ತುತ್ತಿದ್ದ. ನಾನು ಟಕ್ ಕೇಳಿಸಿಕೊಂಡು ಕರೆಯುತ್ತಿದ್ದೆ. ಒಂದು ದಿನವೂ ತಡಮಾಡಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಹೋದ.

ಬೇಕರಿಯಾಕೆ ತನ್ನ ರಾಗವನ್ನು ಅಂಗಡಿಯಲ್ಲಿ ಹಾಕುತ್ತಾಳೆ. ದೊಡ್ಡತ್ತೆ ತನ್ನದನ್ನು ನೆಂಟರಿಗೆಲ್ಲ ಕೇಳಿಸಿ ತಮ್ಮನನ್ನು ನೆನೆದು ಅಳುತ್ತಾಳೆ. ನಮ್ಮದನ್ನು ನಾನು ಅಡುಗೆ ಮುಗಿಸಿದ ಮೇಲೆ ಫೋನಿನಲ್ಲಿ ಹಾಕಿಕೊಳ್ಳುತ್ತೇನೆ. ಟಕ್ ಆಗುತ್ತದೆ, ಎಲ್ಲೋ ದೂರದಿಂದ ನಾನು ಕೂಗುತ್ತೇನೆ, ಬೈಯುತ್ತೇನೆ. ಟೀಚರ್ ರೆಕಾರ್ಡರ್ ನಿಲ್ಲಿಸುವುದನ್ನು ಮರೆತಿದ್ದಳು. ಹಾಗಾಗಿ “ಬಂದೆ” ಎಂದು ಅಪ್ಪ ಹೇಳುವುದು ಅದರಲ್ಲಿದೆ, ಸ್ಟೂಲು ಸರಿದದ್ದೂ ಇದೆ, ಮೆಟ್ಟಿಲು ಇಳಿಯುವುದೂ ಇದೆ. ಹದಿನಾಲ್ಕರಲ್ಲಿ ಒಂಬತ್ತು ಮೆಟ್ಟಿಲು ಕೇಳಿಸುತ್ತದೆ, ಅಷ್ಟರಲ್ಲಿ ಅವಳಿಗೆ ನೆನಪಾಗಿರಬೇಕು. ಉಳಿದ ಐದನ್ನು ನಾನು ಎಣಿಸಿಕೊಂಡು ತಟ್ಟೆ ಹಾಕುತ್ತೇನೆ.